ಯಾರಿಗೂ ಕಾಕಾ ಆಗದವ

"ಕೆಲಸಕ್ಕ ಬಂದ ಮೊದಲನೇ ದಿನ ನಿನಗ ಏನ ಕೇಳಿದ್ರವಾ?"

ಪಿಎಸ್‌ಐ ದಾಕ್ಷಾಯಿಣಿ ಈ ಮಾತು ಕೇಳಿದ್ದು ದೊಡ್ಡ ಪತ್ತೇದಾರಿ ಬುದ್ಧಿಯಿಂದೇನೂ ಅಲ್ಲ. ಕೇಳಬೇಕಾದ್ದೆಲ್ಲ ಕೇಳಿ ಮುಗಿದಿತ್ತು, ಬಾಯಿ ಸುಮ್ಮನಿರಲಾರದೆ ಇದೊಂದು ಹೊರಬಿತ್ತು. ಗೋಕಾಕದ ಹೊರಗಿನ ಆ ಕರದಂಟಿನ ಕಾರ್ಖಾನೆಯಲ್ಲಿ, ಡಬ್ಬಿ ತುಂಬುವ ಉದ್ದನೆಯ ಮೇಜಿನ ಮುಂದೆ ತಲೆಗೆ ಬಿಳಿ ಟೊಪ್ಪಿಗೆ ಹಾಕಿಕೊಂಡ ಹುಡುಗಿಯರು ಸಾಲಾಗಿ ನಿಂತಿದ್ದರು. ಒಳಗಿನ ಒಲೆಯಿಂದ ತುಪ್ಪದಲ್ಲಿ ಅಂಟು ಅರಳುವ ವಾಸನೆ ಬರುತ್ತಿತ್ತು. ಉಂಡು ಕೈ ತೊಳೆದವರ ಬಾಯಲ್ಲೂ ನೀರೂರಿಸುವ ವಾಸನೆ ಅದು. ದಾಕ್ಷಾಯಿಣಿಗೆ ಮಾತ್ರ ಬೆಳಿಗ್ಗೆಯಿಂದ ಒಂದು ಗುಟುಕು ಚಹಾ ಸಹ ಗಂಟಲಲ್ಲಿ ಇಳಿದಿರಲಿಲ್ಲ.

ಪ್ರಶ್ನೆ ಬಿದ್ದದ್ದು ಭಾಗ್ಯಾಳ ಮೇಲೆ. ಕಾರ್ಖಾನೆಗೆ ಹೊಸಬಳು. ಇಲ್ಲಿಯ ಹೆಣ್ಣಾಳುಗಳಲ್ಲೆಲ್ಲ ಹಿರಿಯಳಾದ ಫಕೀರವ್ವನ ಮಗನ ಮಗಳು, ಅಜ್ಜಿಯ ಸೆರಗು ಹಿಡಿದೇ ಕೆಲಸಕ್ಕೆ ಬಂದು ಸೇರಿದವಳು.

"ಹೆಸರ ಸೈತ ಕೇಳಲಿಲ್ರಿ," ಎಂದಳು ಭಾಗ್ಯಾ. "ನಿಮ್ಮ ಅವ್ವನ ತವರೂರು ಯಾವುದವಾ ಅಂತ ಕೇಳಿದ್ರು, ಶಿವಪುತ್ರ ಮಾಮಾ."

ಉಳಿದ ಹುಡುಗಿಯರು ಕಿಸಕ್ಕನೆ ನಕ್ಕರು. ಎಲ್ಲರಿಗೂ ಅದೇ ಕೇಳುತ್ತಾನಂತೆ. ಸೂಪರ್‌ವೈಸರ್ ಶಿವಪುತ್ರನಿಗೆ ಆಧಾರ್ ಕಾರ್ಡು ಬೇಕಾಗಿಲ್ಲ, ಅವ್ವನ ತವರೂರು ಹೇಳಿದರೆ ಸಾಕಂತೆ.

ದಾಕ್ಷಾಯಿಣಿಯೂ ಅವರ ಜೊತೆ ಒಂಚೂರು ನಕ್ಕಳು. ನಗು ಪೂರ್ತಿ ಆಗಲಿಲ್ಲ.

ಇದೇ ಮೇಜಿನ ಮುಂದೆ ಡಬ್ಬಿ ತುಂಬುತ್ತಿದ್ದ, ವಾರದ ಹಿಂದೆ ಕಾಣೆಯಾದ ಪೂನಮ್ ಸತ್ತಿಲ್ಲ ಎಂಬುದು ನಿನ್ನೆ ಸಂಜೆಯೇ ದಾಕ್ಷಾಯಿಣಿಗೆ ತಿಳಿದಿತ್ತು. ಧುಪದಾಳದ ಒಡ್ಡಿನ ಬಾಜೂ ಸ್ಕೂಟಿ ನಿಲ್ಲಿಸಿ, ಹೊಳೆ ಪಾಲಾದಳು ಎಂದು ಊರೆಲ್ಲ ಅಳುವಂತೆ ಮಾಡಿ, ಆ ಹುಡುಗಿ ಬಸ್ಸು ಹತ್ತಿ ಮೂಡಲಗಿಗೆ ಹೋಗಿ ತಾಯಿಯ ಗೆಳತಿ ಕಾಶೆವ್ವನ ಮನೆಯಲ್ಲಿ ಅಡಗಿ ಕೂತಿದ್ದಳು. ಹುಡುಕಿಕೊಂಡು ಹೋದ ದಾಕ್ಷಾಯಿಣಿಗೆ ಅವಳು ಹೇಳಿದ್ದು ಒಂದೇ ಮಾತು. ಕಾರ್ಖಾನೆಯವರು ಯಾರಿಗೂ ತಾನಿಲ್ಲಿರುವುದು ಗೊತ್ತಾಗಬಾರದು, ಗೊತ್ತಾದರೆ ಈ ಸಲ ಖರೇನೇ ಹೊಳೆಗೆ ಹಾರುತ್ತೇನೆ ಎಂದು. ಯಾರಿಗೆ ಹೆದರಿದ್ದೀ ಎಂದರೆ ತುಟಿ ಬಿಚ್ಚಲಿಲ್ಲ. ಬಾಗಿಲಿಗೆ ಪೊಲೀಸರನ್ನು ನಿಲ್ಲಿಸಿದರೆ ಓಣಿಗೆ ಓಣಿಯೇ ಬಂದು ಇಣುಕುತ್ತದೆ ಎಂದು ದಾಕ್ಷಾಯಿಣಿ ಹಾಗೇ ಬಂದಿದ್ದಳು. ಅನ್ನ ನೀರು ಬಿಟ್ಟು ಕೂತಿದ್ದ ತಾಯಿ ಮಾಯವ್ವನೊಬ್ಬಳಿಗೆ ಮಾತ್ರ ಸುದ್ದಿ ಮುಟ್ಟಿಸಿದ್ದಳು.

ಈಗ ಆ 'ಯಾರು' ಎಂಬುದು ಗೊತ್ತಾಗಬೇಕು. ಗೊತ್ತಾಗುವವರೆಗೆ ಪೂನಮ್ ಬದುಕಿಯೂ ಬದುಕಿದಂತಲ್ಲ.

ಇಷ್ಟು ದಿನ ದಾಕ್ಷಾಯಿಣಿಯ ಕಣ್ಣು ಮಾಲಕ ಕಾಶಿನಾಥನ ಮೇಲಿತ್ತು. ಆತ ಬಾಯಿ ತೆಗೆದರೆ ಬೈಗುಳ. ತಡವಾಗಿ ಬಂದವರಿಗೆ ಗೇಟಿನಲ್ಲೇ ಮಂಗಳಾರತಿ. ಪೂನಮ್‌ಗೂ ಅವನಿಗೂ ಜೋರು ಜಗಳವಾಗಿದ್ದನ್ನು ಕಂಡವರಿದ್ದರು. ಆದರೆ ವಿಚಾರಿಸುತ್ತ ಹೋದರೆ, ಕಾಶಿನಾಥ ಗಂಡಸರನ್ನೂ ಅಷ್ಟೇ ಬೈಯುತ್ತಾನೆ, ಹೆಂಗಸರನ್ನೂ ಅಷ್ಟೇ ಬೈಯುತ್ತಾನೆ, ಕೊನೆಗೆ ತನ್ನ ಸ್ವಂತ ತಮ್ಮನನ್ನು ಎಲ್ಲರಿಗಿಂತ ಹೆಚ್ಚು ಬೈಯುತ್ತಾನೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಮಾತಿಗೆ ಈ ಮನುಷ್ಯ ಒಳ್ಳೆಯ ಸಾಕ್ಷಿ.

ಶಿವಪುತ್ರನ ಹೆಸರೆತ್ತಿದರೆ ಮಾತ್ರ ಎಲ್ಲರ ಮುಖ ಅರಳುತ್ತಿತ್ತು. ಮಾಲಕರ ಸಿಟ್ಟಿಗೆ ಅಡ್ಡ ನಿಲ್ಲುವವ ಅವನು. ಪಂಚಮಿಗೆ ಎಲ್ಲರಿಗೂ ಬಳೆ ಕೊಡಿಸಿದವ ಅವನು. ಪೂನಮ್ ಕಾಣೆಯಾದ ದಿನದಿಂದ ತನ್ನ ಕಾರಿನಲ್ಲಿ ಮಾಯವ್ವನನ್ನು ಕೂರಿಸಿಕೊಂಡು ಊರೂರು ಅಲೆದವನೂ ಅವನೇ.

ದಾಕ್ಷಾಯಿಣಿ ಸುಮ್ಮನೆ ಮೇಜಿನ ಈ ತುದಿಯಿಂದ ಶುರು ಮಾಡಿದಳು. ನಿನ್ನ ಅವ್ವನ ತವರು ಯಾವುದು, ಶಿವಪುತ್ರ ನಿನಗೆ ಏನಾಗಬೇಕು. ಒಬ್ಬಳ ತಾಯಿ ಸಂಕೇಶ್ವರದ ಕಡೆಯವಳು, ಶಿವಪುತ್ರ ಮಾಮಾ. ಇನ್ನೊಬ್ಬಳ ತಾಯಿ ಯರಗಟ್ಟಿಯವಳು, ಶಿವಪುತ್ರ ಮಾಮಾ. ಮೂರನೆಯವಳ ತಾಯಿ ಗಡಿಯಾಚೆಯ ಮರಾಠಿ ಮಾತಿನವಳು, ಅಲ್ಲೂ ಅದೇ ಮಾಮಾ. ಮೇಜಿನ ಆ ತುದಿ ಮುಟ್ಟುವವರೆಗೂ ಅದೇ ಉತ್ತರ.

ಈ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಕಾ ಅಂದರೆ ಅಪ್ಪನ ಸಮಾನ, ಅವನ ಎದುರು ಹುಡುಗಿ ಮಗಳು. ಅವನು ತಮಾಷೆ ಮಾಡುವಂತಿಲ್ಲ, ಮಾಡಿದರೆ ಮನೆಮಂದಿಯೇ ಕಪಾಳಕ್ಕೆ ಬಿಗಿಯುತ್ತಾರೆ. ಮಾಮಾನ ಮಾತೇ ಬೇರೆ. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿ ಇರುವ ಮನೆಗಳಲ್ಲಿ ಮಾಮಾ ಬಾಗಿಲಿಗೆ ಬಂದು "ನನ್ನ ಹೇಣ್ತಿ ಎಲ್ಲಿ ಅದಾಳ್ರಿ" ಅಂದರೆ ಎಲ್ಲರೂ ನಗುತ್ತಾರೆ, ಹುಡುಗಿ ನಾಚಿ ಒಳಗೆ ಓಡುತ್ತಾಳೆ. ಹುಕ್ಕೇರಿಯ ಅಜ್ಜಿಯ ಮನೆಯಲ್ಲಿ ದಾಕ್ಷಾಯಿಣಿಯೂ ಹಾಗೆ ಓಡಿದವಳೇ.

ಆದರೆ ಜಾತಿ ಬೇರೆ, ಕುಲಗೋತ್ರದ ಬೆಡಗು ಬೇರೆ, ಭಾಷೆ ಸಹ ಬೇರೆಯಾದ ಇಷ್ಟು ತಾಯಂದಿರಿಗೆಲ್ಲ ಒಬ್ಬನೇ ತಮ್ಮ ಹುಟ್ಟಿದ್ದಾನೆಯೇ? ನಂಟು ಹುಡುಕುತ್ತ ಹೋದರೆ ಒಬ್ಬಳಿಗಾದರೂ ಕಾಕಾ ಆಗಬೇಕಿತ್ತು. ಒಬ್ಬಳಿಗಾದರೂ ಅಣ್ಣ ಆಗಬೇಕಿತ್ತು. ಊಹೂಂ, ಎಲ್ಲರಿಗೂ ಮಾಮಾ. ಅಂದರೆ ಈ ಮನುಷ್ಯ ನಂಟು ಹುಡುಕುತ್ತಿಲ್ಲ, ತಮಾಷೆ ಮಾಡಲು ಪರವಾನಗಿ ಹುಡುಕುತ್ತಿದ್ದಾನೆ.

ಕಣ್ಣ ಮುಂದೆಯೇ ಇದ್ದದ್ದು ಅವಳಿಗೆ ಇಷ್ಟು ದಿನ ಕಂಡಿರಲಿಲ್ಲ.

ಭಾಗ್ಯಾ ನೀರು ಕುಡಿಯುವ ನೆಪ ಮಾಡಿ ನಳದ ಹತ್ತಿರ ಬಂದಳು. ದಾಕ್ಷಾಯಿಣಿಯೂ ಕೈ ತೊಳೆಯುವ ನೆಪ ಮಾಡಿದಳು. ಹುಡುಗಿ ಬಹಳ ಹೊತ್ತು ಲೋಟ ತೊಳೆದಳು. ತೊಳೆದದ್ದನ್ನೇ ತೊಳೆದಳು.

"ಮೇಡಂ, ಮಾಮಾ ಅಂದಮ್ಯಾಗ ಚ್ಯಾಷ್ಟಿ ಮಾಡೂದು ಇರತೈತಿ ಅಲ್ರಿ?"

"ಏನ ಚ್ಯಾಷ್ಟಿ ಮಾಡ್ತಾನ?"

ಭಾಗ್ಯಾ ಹೇಳಿದಳು. ಹೇಳುವಾಗ ನಡುನಡುವೆ ಅವನ ಪರವಾಗಿ ತಾನೇ ವಕೀಲಿ ಮಾಡಿದಳು. ಹದ ನೋಡು ಅಂತ ಕರದಂಟಿನ ತುಣುಕನ್ನು ಅವನೇ ಬಾಯಿಗೆ ಇಡುತ್ತಾನಂತೆ, ಬೆರಳು ತುಟಿಯ ಮೇಲೆಯೇ ನಿಲ್ಲುತ್ತದಂತೆ, ಅದು ಪ್ರೀತಿಗೆ ಇರಬಹುದಂತೆ. ಟೊಪ್ಪಿಗೆ ಸರಿ ಮಾಡುತ್ತೇನೆಂದು ಕುತ್ತಿಗೆ ಮುಟ್ಟುತ್ತಾನಂತೆ, ಕೂದಲು ಉದುರಿದರೆ ಮಾಲಕರು ಬೈತಾರಲ್ಲ, ಅದಕ್ಕಿರಬಹುದಂತೆ. ಎಲ್ಲರೆದುರು ಅರಿಷಿಣ ಯಾವಾಗ ಹಚ್ಚಲಿ ಅನ್ನುತ್ತಾನಂತೆ, ಎಲ್ಲರೂ ನಗುತ್ತಾರಂತೆ, ಅದಕ್ಕೆ ತಾನೂ ನಗುತ್ತಾಳಂತೆ. ಮೊನ್ನೆ ಅಂಟು ತೂಕ ಮಾಡಲು ಉಗ್ರಾಣಕ್ಕೆ ಒಬ್ಬಳೇ ಬಾ ಅಂದನಂತೆ. ಹೊಟ್ಟೆನೋವು ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡಳಂತೆ.

"ಅದೆಲ್ಲಾ ನಿನಗ ಬೇಕಾಗಿತ್ತೇನವಾ?"

"ಇಲ್ರಿ."

"ಬ್ಯಾಡ ಅಂತ ಹೇಳಿದ್ದೇನ?"

"ಮಾಮಾಗ ಹೆಂಗ ಹೇಳೂದ್ರಿ? ಮುಖ ಗಂಟ ಹಾಕೊಂಡ್ರ ಒಲಿಗೆ ಹಾಕ್ತಾನ್ರಿ."

ಒಲೆಗೆ ಹಾಕುವುದು ಅಂದರೇನು ಎಂದು ಕೇಳಿದ ಮೇಲೆ ಗೊತ್ತಾಯಿತು. ಅವನ ತಮಾಷೆಗೆ ನಕ್ಕವರಿಗೆ ಡಬ್ಬಿ ತುಂಬುವ ಕೆಲಸ, ಫ್ಯಾನಿನ ಗಾಳಿ. ನಗದವರಿಗೆ ಬೆಲ್ಲದ ಪಾಕದ ಕಡಾಯಿ. ಇದು ಯಾರೂ ಬಾಯಿಬಿಟ್ಟು ಹೇಳದ, ಎಲ್ಲರಿಗೂ ಗೊತ್ತಿದ್ದ ಕಾನೂನು. ದಾಕ್ಷಾಯಿಣಿಗೆ ಮೂಡಲಗಿಯಲ್ಲಿ ನಿನ್ನೆ ಕಂಡ ಪೂನಮ್‌ಳ ಮುಂಗೈ ನೆನಪಾಯಿತು. ಬೆಲ್ಲದ ಪಾಕ ಸಿಡಿದ ಸುಟ್ಟ ಕಲೆಗಳು, ಒಂದರ ಮೇಲೊಂದು. ಡಬ್ಬಿ ತುಂಬುವ ಹುಡುಗಿಗೆ ಈ ಕಲೆಗಳೇಕೆ ಎಂದು ಆಗ ಹೊಳೆದಿರಲಿಲ್ಲ.

"ಭಾಗ್ಯಾ, ಇಲ್ಲಿ ಕೇಳು. ಅವ ಅದಕ್ಕ ಏನ ಹೆಸರ ಇಡ್ತಾನ ಅನ್ನೂದು ಬ್ಯಾರೆ. ನಿನಗ ಬ್ಯಾಡಾಗಿತ್ತು. ಆದ್ರೂ ಮಾಡಿದ. ಬ್ಯಾಡ ಅನ್ನಾಕ ಆಗದಂಗ ನಿನ್ನ ಕೆಲಸಾನ ಅಡ್ಡ ಇಟ್ಟ. ಇದು ಚ್ಯಾಷ್ಟಿ ಅಲ್ಲ, ಕಿರುಕುಳ. ಕಾಯ್ದೆದಾಗ ಇದಕ್ಕ ಶಿಕ್ಷೆ ಐತಿ."

ಹುಡುಗಿ ಅಳಲಿಲ್ಲ. ಲೋಟವನ್ನು ಕೆಳಗಿಟ್ಟು, ಹಂಗಾದರೆ ತನ್ನ ತಪ್ಪೇನೂ ಇಲ್ಲವೇ ಎಂದು ಮೆಲ್ಲಗೆ ಕೇಳಿದಳು. ಇಲ್ಲ ಎಂದಳು ದಾಕ್ಷಾಯಿಣಿ. ಭಾಗ್ಯಾ ಅದನ್ನು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು.

ಕಾರ್ಖಾನೆಯ ಗೋಡೆಯ ಮೇಲೆ ಒಂದು ಫಲಕವಿತ್ತು. ಹೆಣ್ಣುಮಕ್ಕಳ ದೂರು ಕೇಳುವ ಆಂತರಿಕ ಸಮಿತಿ ಅಂತ. ಸಮಿತಿಗೆ ಹಿರಿಯ ಮಹಿಳಾ ಉದ್ಯೋಗಿಯೇ ಅಧ್ಯಕ್ಷೆ ಆಗಬೇಕು ಎಂಬ ನಿಯಮವಿದೆ. ಅಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು ಫಕೀರವ್ವನ ಹೆಸರು. ಪಾಪ, ಆ ಮುದುಕಿಗೆ ಅಕ್ಷರ ಬಾರದು. ಹಿರೇ ಹೆಂಗಸಿನ ಹೆಬ್ಬೆಟ್ಟು ಬೇಕು ಅಂದರಂತೆ, ಒತ್ತಿದಳಂತೆ. ಆ ದಿನದಿಂದ ಹುಡುಗಿಯರು ಅವಳನ್ನು ಕಮಿಟಿ ಮೇಡಂ ಎಂದು ಕಾಡುತ್ತಿದ್ದರು.

ದಾಕ್ಷಾಯಿಣಿ ಅವಳನ್ನು ಉತ್ತತ್ತಿ ಬಿಡಿಸುವ ಕೋಣೆಯಲ್ಲಿ ಹಿಡಿದಳು. ಪೂನಮ್ ನಿನ್ನ ಹತ್ತಿರ ಬಂದಿದ್ದಳೇ ಎಂದು ನೇರ ಕೇಳಿದಳು. ಮುದುಕಿಯ ಕೈ ನಿಂತುಹೋಯಿತು. ಬಂದಿದ್ದಳು. ಉಗ್ರಾಣದಲ್ಲಿ ಬಾಗಿಲು ಮುಚ್ಚಿ ಮಾಮಾ ಕೈ ಹಿಡಿದ, ಬಿಡಿಸಿಕೊಂಡು ಓಡಿಬಂದೆ ಎಂದು ಹೇಳಿ ಇದೇ ಕೋಣೆಯಲ್ಲಿ ಅತ್ತಿದ್ದಳು.

"ನಾ ಏನಂದ್ನಿ ಅಂತೀರಿ ಮೇಡಂ? ಮಾಮಾ ಅದಾನ, ಹುಡುಗಾಟಕಿ ಮಾಡಿರಬೇಕು, ದೊಡ್ಡದ ಮಾಡಬ್ಯಾಡ ಅಂದ್ನಿ. ಮರುದಿನಾನ ಆಕಿನ್ನ ಒಲಿಗೆ ಹಾಕಿದ."

ಫಕೀರವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳ ಹೆಗಲು ಅಲುಗಿತು. ಸಂಜೆ ಠಾಣೆಗೆ ಬಂದು ಎಲ್ಲ ಹೇಳುತ್ತೇನೆ, ಬೇಕಾದಲ್ಲಿ ಹೆಬ್ಬೆಟ್ಟು ಒತ್ತುತ್ತೇನೆ ಎಂದಳು. ಪೂನಮ್ ಜೀವಂತ ಇದ್ದಾಳೆಯೇ ಎಂದು ಕೇಳಿದಳು. ಇದ್ದಾಳೆ ಎಂದಷ್ಟೇ ಹೇಳಿ, ದಾಕ್ಷಾಯಿಣಿ ಆ ಒರಟು ಕೈಯನ್ನು ತನ್ನ ಕೈಯಲ್ಲಿ ಒತ್ತಿ ಹೊರಟಳು. ಗೇಟಿನ ಹೊರಗೆ ಬಂದದ್ದೇ ಕಾನ್‌ಸ್ಟೇಬಲ್ ಲಖನನನ್ನು ಹುಕ್ಕೇರಿಗೆ ಓಡಿಸಿದಳು. ಶಿವಪುತ್ರ ಅಕ್ಕ ಎಂದು ಹೇಳಿಕೊಂಡು ತಿರುಗುತ್ತಿದ್ದ ಮಾಯವ್ವನ ತವರೂರು ಆ ತಾಲೂಕಿನಲ್ಲೇ ಇತ್ತು. ಅಲ್ಲಿ ಶಿವಪುತ್ರನ ಬಳಗ ಇದೆಯೋ ಇಲ್ಲವೋ ನೋಡಿ ಬಾ ಎಂದಳು.

ಮಧ್ಯಾಹ್ನ ಉಣ್ಣುವ ಹೊತ್ತಿಗೆ ಶಿವಪುತ್ರ ಕರೆಯದೇ ಠಾಣೆಗೆ ಬಂದ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಹಣೆಗೆ ವಿಭೂತಿ, ಬಾಯಿ ತುಂಬ ನಗು. ಕಾರಿನಲ್ಲಿ ಮಾಯವ್ವನನ್ನೂ ಕರೆತಂದಿದ್ದ. ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ತನ್ನ ಬಗ್ಗೆ ಮೇಡಂ ಕಾರ್ಖಾನೆಯಲ್ಲಿ ವಿಚಾರಿಸಿದ ಸುದ್ದಿ ಬಂತು, ಅದಕ್ಕೆ ತಾನೇ ಬಂದೆ ಎಂದು ಹೇಳಿ ಒಳಗೆ ಬಂದು ಕುರ್ಚಿ ಎಳೆದುಕೊಂಡ. ಬಾಯಲ್ಲಿ ಬೆಲ್ಲ ಇಟ್ಟುಕೊಂಡೇ ಮಾತಾಡುವವರು ಇರುತ್ತಾರಲ್ಲ, ಆ ಪೈಕಿ.

ಕೇಳಿದ್ದಕ್ಕೆಲ್ಲ ಸಾವಧಾನವಾಗಿ ಉತ್ತರ ಕೊಟ್ಟ. ಅವಸರವೇ ಇರಲಿಲ್ಲ ಅವನಿಗೆ. ಒಂದು ಕೇಳಿದರೆ ಹತ್ತು ಹೇಳಿದ, ಎರಡು ಸಲ ಚಹಾ ತರಿಸಿಕೊಂಡ. ಪೂನಮ್ ಮಗಳಂಥವಳು ಎಂದ, ತಕ್ಷಣ ನಾಲಿಗೆ ಕಚ್ಚಿ ಸೋದರ ಸೊಸೆ ಎಂದ. ಕಾಶಿನಾಥ ಸಾಹೇಬರ ಸಿಟ್ಟಿಗೆ ಬೇಸತ್ತು ಹುಡುಗಿ ಹೋಗಿರಬೇಕು ಎಂದು ಮೆಲ್ಲಗೆ ಮಾಲಕನ ಮೇಲೆ ಒಂದು ಕಲ್ಲೂ ಎಸೆದ. ಆಮೇಲೆ ಕುರ್ಚಿ ಮುಂದಕ್ಕೆಳೆದು ದನಿ ಇಳಿಸಿದ.

"ಅಕ್ಕಾರ, ನಿಮ್ಮ ಅವ್ವನ ತವರು ಹುಕ್ಕೇರಿ ಬಾಜೂ ಅಲ್ಲೇನ್ರಿ? ನಮ್ಮ ಅವ್ವನ ಮಂದಿನೂ ಆ ಕಡಿಯವರ. ಹಂಗ ನೋಡಿದ್ರ ನಾವು ನೀವು ಹೊರಗಿನವರಲ್ಲ."

ಖಾಕಿ ಹಾಕಿಕೊಂಡು ಕೂತ ತನಗೂ, ತನ್ನ ಠಾಣೆಯಲ್ಲೇ, ತನ್ನ ಮೇಜಿನ ಮೇಲೇ ಈ ಮನುಷ್ಯ ನಂಟಿನ ಹಗ್ಗ ಹೊಸೆಯುತ್ತಿದ್ದ. ಮೈಮೇಲೆ ಹುಳ ಹರಿದಂತಾಯಿತು. ಆ ಹುಡುಗಿಯರ ಮೈಮೇಲೆ ದಿನಾ ಹರಿದದ್ದು ಇದೇ ಹುಳ ಎಂದು ಆಗ ಸರಿಯಾಗಿ ತಿಳಿಯಿತು.

"ಶಿವಪುತ್ರ ಅವರ, ಒಂದ ಹೇಳ್ರಿ. ಆ ಮೇಜಿನ ಮುಂದ ನಿಂತ ಹುಡುಗ್ಯಾರೊಳಗ ಎಷ್ಟ ಮಂದಿಗೆ ನೀವು ಕಾಕಾ?"

ಅವನಿಗೆ ಅರ್ಥವಾಗಲಿಲ್ಲ. ನಕ್ಕ. ಆಮೇಲೆ ಅರ್ಥವಾಯಿತು. ಚಹಾದ ಕಪ್ಪು ತುಟಿಯವರೆಗೆ ಹೋಗಿ ಅಲ್ಲೇ ನಿಂತಿತು.

"ಒಬ್ಬಾಕಿಗೂ ಅಲ್ಲ. ಇಷ್ಟ ಮಂದ್ಯಾಗ ಒಬ್ಬಾಕಿಗೂ ಅಲ್ಲ. ಹೆಂಗ್ರಿ ಅದು?"

"ಮಾಮಾ ಅಂದ್ರ ಹುಡುಗ್ಯಾರು ಹಗುರ ಇರತಾರ್ರಿ. ನಾಕ ಚ್ಯಾಷ್ಟಿ ಮಾತಾಡಿದ್ರ ಕೆಲಸಾನೂ ಸಾಗತೈತಿ. ಅದು ತಪ್ಪಂದ್ರ ಈ ಸೀಮ್ಯಾಗಿನ ಮಾಮಂದಿರನೆಲ್ಲಾ ಜೇಲಿಗೆ ಹಾಕಬೇಕಾಗತೈತಿ ನೀವು."

"ಮನ್ಯಾಗ ಮಾಮಾ ಚ್ಯಾಷ್ಟಿ ಮಾಡಿದ್ರ ಹುಡುಗಿ ಎದ್ದ ಒಳಗ ಹೋಗ್ತಾಳ. ಬ್ಯಾಸರ ಆದ್ರ ಬೈತಾಳ. ನಿಮ್ಮ ಮುಂದಿಂದ ಎದ್ದ ಹೋದ್ರ ಆಕಿ ಕಡಾಯಿ ಮುಂದ ನಿಂದ್ರಬೇಕು, ಕೈ ಸುಟಗೋಬೇಕು. ಎದ್ದ ಹೋಗಾಕ ಬರೂದಿಲ್ಲಂದ್ರ ಅದು ಚ್ಯಾಷ್ಟಿ ಅಲ್ರಿ."

ಶಿವಪುತ್ರ ಕಪ್ಪನ್ನು ಕೆಳಗಿಟ್ಟ. ಮುಖದ ನಗು ಸ್ವಲ್ಪ ತೆಳುವಾಯಿತು, ಹೋಗಲಿಲ್ಲ. ಉಗ್ರಾಣದ ಮಾತು ತೆಗೆದಳು ದಾಕ್ಷಾಯಿಣಿ. ಅವನು ಇಲ್ಲವೆನ್ನಲಿಲ್ಲ. ಕೈ ಹಿಡಿದದ್ದು ಖರೆ ಎಂದ. ತನ್ನ ಹೆಂಡತಿ ತೀರಿಹೋಗಿ ಬಹಳ ಕಾಲವಾಯಿತು, ಪೂನಮ್‌ಳನ್ನು ಮದುವೆ ಕೇಳಿದ್ದೇನೆ, ಅವಳ ತಾಯಿ ಹೂಂ ಅಂದಿದ್ದಾಳೆ, ಹೊರಗೇ ಕೂತಿದ್ದಾಳೆ, ಕರೆದು ಕೇಳಿರಿ ಎಂದ.

ಅಷ್ಟರಲ್ಲಿ ಹುಕ್ಕೇರಿಯಿಂದ ಲಖನನ ಫೋನು ಬಂತು. ಮಾಯವ್ವನ ತವರೂರಿನ ಹಿರಿಯರನ್ನೆಲ್ಲ ಕೂರಿಸಿಕೊಂಡು ಕೇಳಿದ್ದ. ಶಿವಪುತ್ರನ ಕಡೆಯವರು ಆ ಊರಿನ ಬಾವಿ ನೀರು ಸಹ ಕುಡಿದವರಲ್ಲ. ಬೆಡಗು ಬೇರೆ, ಬಳಗ ಬೇರೆ. ಅಕ್ಕ ತಮ್ಮ ಅನ್ನುವುದೆಲ್ಲ ಶುದ್ಧ ಸುಳ್ಳು.

ದಾಕ್ಷಾಯಿಣಿ ಮಾಯವ್ವನನ್ನು ಒಳಗೆ ಕರೆಸಿದಳು.

ಮಾಯವ್ವ ಬಂದು ಮೇಜಿನ ಅಂಚು ಹಿಡಿದು ನಿಂತಳು. ಹೊಸ ಸೀರೆ ಉಟ್ಟಿದ್ದಳು, ಇನ್ನೂ ಮಡಿಕೆಯ ಗೆರೆ ಹೋಗಿರಲಿಲ್ಲ. ದಾಕ್ಷಾಯಿಣಿಯ ಕಣ್ಣು ಅವಳ ಬೆರಳುಗಳ ಮೇಲೆ ಬಿತ್ತು. ಬೆರಳ ತುದಿಯೆಲ್ಲ ಹಳದಿ, ಉಗುರಿನ ಸಂದಿಯಲ್ಲೂ ಹಳದಿ. ಇದು ಅಡಿಗೆಗೆ ಚಿಟಿಕೆ ಹಾಕಿದ ಅರಿಷಿಣವಲ್ಲ, ಕುಟ್ಟಿ ಕಲೆಸಿದ ಅರಿಷಿಣ. ಮಗಳು ಜೀವಭಯದಿಂದ ಮಂದಿಯ ಮನೆಯಲ್ಲಿ ಅಡಗಿ ಕೂತಿರುವಾಗ ಈ ತಾಯಿ ಯಾರ ಮದುವೆಗೆ ಅರಿಷಿಣ ಕುಟ್ಟಿದಳು?

ಕೇಳಿದರೆ ಮಾಯವ್ವ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಅದರಲ್ಲಿ ಏನಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

"ಪೂನಮ್ ಹೇಳಿದ್ಲರಿ ನನಗ. ಮಾಮಾ ಹಿಂಗ ಅಂತಾನ, ಹಂಗ ಮುಟ್ತಾನ, ಕೆಲಸಕ್ಕ ಹೋಗೂದಿಲ್ಲ ನಾ ಅಂತ. ನಾ ಅಂದ್ನಿ, ಹುಚ್ಚಿ, ಮಾಮಾ ಅದಾನ, ನಿನ್ನ ಮ್ಯಾಲ ಮನಸ್ಸಾಗೇತಿ, ಅದಕ್ಕ ಮಾಡ್ತಾನ. ಪುಣ್ಯಾ ಮಾಡೀದಿ ಅಂದ್ನಿ."

ಹುಡುಗಿ ಬಾಯಿಬಿಟ್ಟು ಹೇಳಿದ್ದಳು. ಕಮಿಟಿಯವಳಿಗೆ ಹೇಳಿದ್ದಳು, ಅದು ಹುಡುಗಾಟ ಆಯಿತು. ಹೆತ್ತ ತಾಯಿಗೆ ಹೇಳಿದ್ದಳು, ಅದು ಸಂಬಂಧ ಆಯಿತು. ಆಮೇಲೆ ಹೇಳಲಿಕ್ಕೆ ಅವಳಿಗೆ ಉಳಿದದ್ದು ಹೊಳೆ ಒಂದೇ. ಪೊಲೀಸರ ಮುಂದೆ ತುಟಿ ಬಿಚ್ಚದಿದ್ದದ್ದು ಹೆದರಿಕೆಗಲ್ಲ, ಹೇಳಿ ಹೇಳಿ ಸಾಕಾಗಿತ್ತು ಅದಕ್ಕೆ.

ಮಾಯವ್ವ ಇನ್ನೂ ಹೇಳುತ್ತಿದ್ದಳು. ಇವತ್ತು ದೀಪ ಹಚ್ಚುವ ಹೊತ್ತಿಗೆ ಯಾವುದೋ ಗುಡಿಯಲ್ಲಿ ಅಕ್ಕಿಕಾಳು ಹಾಕಿ ಮದುವೆ ಮುಗಿಸುವುದಂತೆ. ಯಾವ ಗುಡಿ ಎಂದು ಅವಳಿಗೆ ತಿಳಿಸಿಲ್ಲ, ಗಾಡಿ ಬಂದು ಕರೆದೊಯ್ಯುತ್ತದಂತೆ. ಮದುವೆಯಾದರೆ ಮಂದಿಯ ಬಾಯಿಯೂ ಮುಚ್ಚುತ್ತದೆ, ಪೊಲೀಸ್ ಕೇಸೂ ಮುಗಿಯುತ್ತದೆ ಎಂದು ತಮ್ಮ ಹೇಳಿದ್ದಾನಂತೆ.

"ಪೂನಮ್ ಎಲ್ಲಿ ಅದಾಳಂತ ಇವಂಗ ಹೇಳಿದ್ರೇನು?"

"ಮುಂಜಾನೆ ಹೇಳಿದ್ನರಿ. ಅತ್ತಬಿಟ್ಟ ಪಾಪ. ಹೇಳದಂಗ ಹೆಂಗ್ರಿ, ನನ್ನ ತಮ್ಮ ಅದಾನ."

"ಮಾಯವ್ವಾರ, ಇವ ನಿಮ್ಮ ತಮ್ಮ ಅಲ್ಲ. ನಿಮ್ಮ ತವರಾಗ ಇವನ್ನ ಯಾರೂ ಕಂಡವರಿಲ್ಲ. ಈಗ ಫೋನ್ ಬಂತು."

ಮಾಯವ್ವನಿಗೆ ಮಾತು ಕಿವಿಗೆ ಬಿತ್ತು, ತಲೆಗೆ ಇಳಿಯಲು ಹೊತ್ತಾಯಿತು. ಶಿವಪುತ್ರನ ಕಡೆಗೆ ತಿರುಗಿ ತಮ್ಮಾ ಎಂದಳು. ಅವನು ಅವಳ ಕಡೆ ನೋಡಲಿಲ್ಲ. ಅಂಗಿಯ ತೋಳಿನ ಮೇಲೆ ಬಿದ್ದ ಚಹಾದ ಹನಿಯನ್ನು ಒರೆಸಿಕೊಳ್ಳುತ್ತಿದ್ದ. ಮಾಯವ್ವ ಹಳದಿ ಕೈಗಳನ್ನು ಹೊಸ ಸೀರೆಗೆ ತಿಕ್ಕತೊಡಗಿದಳು. ತಿಕ್ಕಿದಷ್ಟೂ ಸೀರೆ ಹಳದಿಯಾಯಿತು, ಕೈ ಹಾಗೇ ಉಳಿಯಿತು.

ಇಷ್ಟಾದರೂ ದಾಕ್ಷಾಯಿಣಿಗೆ ಒಂದು ಧೈರ್ಯವಿತ್ತು. ವಿಳಾಸ ಗೊತ್ತಾದರೇನು, ಆಸಾಮಿ ತನ್ನ ಕಣ್ಣ ಮುಂದೆಯೇ ಇದ್ದಾನೆ. ಎದ್ದು ಎಲ್ಲಿಗೂ ಹೋಗಿಲ್ಲ. ಈಗಲೇ ಮೂಡಲಗಿ ಠಾಣೆಗೆ ಹೇಳಿ ಪೂನಮ್‌ಳನ್ನು ಕರೆತಂದರೆ ಆಯಿತು. ಹಾಗೆಂದುಕೊಂಡು ಮೊದಲು ಕಾಶೆವ್ವನಿಗೆ ಫೋನು ಹಚ್ಚಿದಳು.

ಕಾಶೆವ್ವ ಖುಷಿಯಲ್ಲಿದ್ದಳು. ಹುಡುಗಿ ಈಗ ತಾನೇ ಹೋದಳಲ್ಲ ಎಂದಳು. ಕಾರ್ಖಾನೆಯ ಗಾಡಿ ಬಂದಿತ್ತಂತೆ. ಗಾಡಿ ಕಂಡು ಪೂನಮ್ ಹಿತ್ತಲಿಗೆ ಓಡಿದಳಂತೆ. ಆದರೆ ಇಳಿದವಳನ್ನು ನೋಡಿ ತಾನೇ ಹೊರಗೆ ಬಂದು ಕೊರಳಿಗೆ ಬಿದ್ದು ಅತ್ತಳಂತೆ. ಆ ಕೆಟ್ಟ ಮನುಷ್ಯನನ್ನು ಪೊಲೀಸರು ಹಿಡಿದು ಕೂರಿಸಿದ್ದಾರೆ, ಇನ್ನು ಹೆದರಬೇಡ, ಮೇಡಂ ಹೇಳಿಕೆ ಕೊಡಲು ಕರೀತಾರೆ ಎಂದು ಬಂದವಳು ಹೇಳಿದಳಂತೆ. ವಾರದಿಂದ ಹೊಟ್ಟೆಗೆ ಹಾಕದವಳು ಹೊರಡುವ ಮುಂಚೆ ಒಂದು ರೊಟ್ಟಿ ತಿಂದು ಹೋದಳಂತೆ.

"ಬಂದಾಕಿ ಯಾರ್ರಿ?"

"ಕಮಿಟಿ ಮೇಡಂ ಅಂತ ನೋಡ್ರಿ. ಫಕೀರವ್ವ ಅಂತ."

ವಿಳಾಸ ಗೊತ್ತಿದ್ದದ್ದು ತನಗೆ, ಮಾಯವ್ವನಿಗೆ, ಮತ್ತು ಎದುರಿಗೆ ಕೂತ ಇವನಿಗೆ. ಫಕೀರವ್ವನಿಗೆ ತಾನು ಹೇಳಿಲ್ಲ. ಮಾಯವ್ವ ಹೇಳಿದ್ದು ಇವನೊಬ್ಬನಿಗೆ. ದಾಕ್ಷಾಯಿಣಿ ತಲೆಯೆತ್ತಿ ನೋಡಿದಳು. ಕರೆಯದೇ ಯಾಕೆ ಬಂದ, ಅವಸರವಿಲ್ಲದೆ ಯಾಕೆ ಕೂತ, ಒಂದಕ್ಕೆ ಹತ್ತು ಯಾಕೆ ಹೇಳಿದ, ಎಲ್ಲ ಒಮ್ಮೆಲೇ ತಿಳಿಯಿತು. ತಾನು ಅವನನ್ನು ಕೂರಿಸಿಕೊಂಡಿರಲಿಲ್ಲ, ಅವನೇ ತನ್ನನ್ನು ಕೂರಿಸಿಕೊಂಡಿದ್ದ.

"ನಾ ಇಲ್ಲೇ ಅದೇನಲ್ರಿ ಅಕ್ಕಾರ," ಎಂದ ಶಿವಪುತ್ರ. "ಎಲ್ಲೂ ಹೋಗಿಲ್ಲ. ನೀವ ಸಾಕ್ಷಿ."

ದಾಕ್ಷಾಯಿಣಿ ಫಕೀರವ್ವನ ನಂಬರು ಒತ್ತಿದಳು. ರಿಂಗಾಯಿತು, ಮುದುಕಿ ಎತ್ತಿದಳು. ಓಡುವ ಗಾಡಿಯ ಸದ್ದು. ಅದರ ಹಿಂದೆ ಪೂನಮ್‌ಳ ದನಿ, ನಿನ್ನೆ ಕೇಳಿದ್ದ ಸತ್ತ ದನಿಯಲ್ಲ, ಹಗುರಾದ ದನಿ. "ಆಯಿ, ಮೇಡಂ ಅದಾರೇನ? ಬರಾಕತ್ತೇವಿ ಅಂತ ಹೇಳ್ರಿ."

"ಫಕೀರವ್ವ ಆಯಿ, ಗಾಡಿ ನಿಲ್ಲಸರಿ. ಎಲ್ಲಿ ಅದೀರಿ?"

ಮುದುಕಿ ಉಸಿರು ಎಳೆದುಕೊಂಡದ್ದು ಕೇಳಿಸಿತು. ಮಾತು ಬಂದದ್ದು ಪಿಸುಗುಟ್ಟಿದಂತೆ.

"ಆಕಿನ್ನ ತಂದ ಬಿಟ್ರ ನನ್ನ ಭಾಗ್ಯಾನ್ನ ಬಿಡ್ತೇನಿ ಅಂದಾನ್ರಿ ಮೇಡಂ. ನನ್ನ ಭಾಗ್ಯಾ ಇನ್ನೂ ಸಣ್ಣಾಕಿ."

ಫೋನು ಕಟ್ಟಾಯಿತು. ದಾಕ್ಷಾಯಿಣಿ ಮತ್ತೆ ಹಚ್ಚಿದಳು. ಸ್ವಿಚ್ ಆಫ್ ಆಗಿತ್ತು.